ಅಮೆರಿಕದ ಕೌಂಟಿ ಜೈಲಿನ ಬುಕಿಂಗ್ ಫೋಟೋ, ಅರೆಸ್ಟ್ ದಾಖಲೆ: ಹುಡುಕಲು ಯಾವ ದಾರಿ ಒಳ್ಳೆಯದು?

ಗೂಗಲ್‌ನಲ್ಲಿ ಒಂದು ಹೆಸರು, ಒಂದು ಊರು, ಜೊತೆಗೆ 'ಮಗ್‌ಶಾಟ್' (ಅರೆಸ್ಟ್ ಆದಾಗ ತೆಗೆಯುವ ಮುಖದ ಫೋಟೋ) ಅಂತ ಹಾಕಿ ನೋಡಿ. ಮೇಲ್ಗಡೆ ಬರುವ ಸೈಟುಗಳಲ್ಲಿ ಖಾಸಗಿಯವೇ ಜಾಸ್ತಿ. 'ದಾಖಲೆ ಸಿಕ್ಕಿದೆ' ಅಂತ ಆಸೆ ತೋರಿಸಿ, ಪರದೆ ಮೇಲೆ ಒಂದು ಪಟ್ಟಿ ಓಡಿಸುತ್ತಾ ಕಾಯಿಸಿ, ಕೊನೆಗೆ ಕ್ರೆಡಿಟ್ ಕಾರ್ಡ್ ಕೇಳುತ್ತವೆ. ಎಷ್ಟೋ ಸಲ ಅದೇ ಮಾಹಿತಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಜೈಲು ನೋಡಿಕೊಳ್ಳುವ ಶೆರಿಫ್ ಕಚೇರಿಯ ಪುಟದಲ್ಲಿ ಪುಕ್ಕಟೆ ಇರುತ್ತದೆ, ಅದೂ ತಾಜಾ ಆಗಿ.

ಇದನ್ನು ಹುಡುಕುವ ಕನ್ನಡಿಗರು ಸಾಮಾನ್ಯವಾಗಿ ಮೂರು ತರದವರು. ಅಮೆರಿಕದಲ್ಲಿ ಓದುವ ಮಗನೋ ತಮ್ಮನೋ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ, ರೂಮ್‌ಮೇಟ್ 'ಪೊಲೀಸರು ಕರ್ಕೊಂಡು ಹೋದ್ರು' ಅಂತಾನೆ, ಮೈಸೂರಲ್ಲಿ ಕೂತ ಮನೆಯವರಿಗೆ ದಿಕ್ಕು ತೋಚುತ್ತಿಲ್ಲ. ಇನ್ನು ಕೆಲವರಿಗೆ ಮನೆ ಬಾಡಿಗೆಗೆ ಕೊಡುವ ಮುಂಚೆ, ಮಗು ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಳ್ಳುವ ಮುಂಚೆ ಹಿನ್ನೆಲೆ ತಿಳಿಯಬೇಕು. ಮೂರನೆಯವರಿಗೆ ತಮ್ಮದೇ ಹಳೇ ಕೇಸಿನ ಕಾಗದ ಬೇಕು, ವೀಸಾ ಅಥವಾ ಗ್ರೀನ್ ಕಾರ್ಡ್‌ಗೆ. ಮೂವರೂ ಹುಡುಕಬೇಕಾದ ಜಾಗ ಬೇರೆ ಬೇರೆ. ಮತ್ತೆ ನನ್ನ ಅಭಿಪ್ರಾಯ ಕೇಳಿದರೆ, ಮೂವರಿಗೂ ಫೋಟೋದಿಂದ ಆಗುವ ಉಪಯೋಗ ಬಹಳ ಕಡಿಮೆ. ಬೇಕಿರುವುದು ಬುಕಿಂಗ್ ನಂಬರ್ (ಜೈಲಿನಲ್ಲಿ ದಾಖಲಿಸಿಕೊಳ್ಳುವಾಗ ಕೊಡುವ ನಂಬರ್), ಇಲ್ಲವೇ ಕೋರ್ಟ್ ಕೇಸ್ ನಂಬರ್.

ಮೊದಲು ಯಾವ ಕೌಂಟಿ ಅಂತ ಗೊತ್ತಾಗಲಿ

ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳಿವೆ. ದೇಶಕ್ಕೆಲ್ಲ ಸೇರಿ ಒಂದೇ ಅರೆಸ್ಟ್ ಪಟ್ಟಿ ಸಾರ್ವಜನಿಕರಿಗೆ ಇಲ್ಲ. ಹಾಗಾಗಿ ಹುಡುಕಾಟ ಶುರುವಾಗುವುದೇ ಕೌಂಟಿಯಿಂದ. ಅದೂ ಆ ವ್ಯಕ್ತಿ ವಾಸ ಮಾಡುವ ಕೌಂಟಿ ಅಲ್ಲ, ಅರೆಸ್ಟ್ ಆದ ಜಾಗದ ಕೌಂಟಿ. ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ, ಸನ್ನಿವೇಲ್ ಇರುವುದು ಸಾಂಟಾ ಕ್ಲಾರಾದಲ್ಲಿ. ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲೇ ಕೌಂಟಿ ಬದಲಾಗಿರುತ್ತದೆ. ಟೆಕ್ಸಸ್‌ನ ಫ್ರಿಸ್ಕೋ ಅರ್ಧ ಕಾಲಿನ್ ಕೌಂಟಿಯಲ್ಲಿ, ಅರ್ಧ ಡೆಂಟನ್‌ನಲ್ಲಿದೆ. ಶಿಕಾಗೋ ಪಕ್ಕದ ನೇಪರ್‌ವಿಲ್ ಕೂಡ ಎರಡು ಕೌಂಟಿಗೆ ಹಂಚಿಹೋಗಿದೆ. ಇಂಥ ಊರುಗಳಲ್ಲಿ ಎರಡೂ ಕಡೆ ಹುಡುಕಿ. ಕೆಲವು ನಗರಗಳಲ್ಲಿ ಮೊದಲು ಪೊಲೀಸರದೇ ಸಣ್ಣ ಜೈಲಿನಲ್ಲಿ ಇಟ್ಟು, ಆಮೇಲೆ ಕೌಂಟಿಗೆ ಕಳಿಸುತ್ತಾರೆ. ಆ ನಡುವಿನ ಹೊತ್ತಿನಲ್ಲಿ ಕೌಂಟಿ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಗಾಬರಿ ಬೇಡ.

ಇನ್ನೊಂದು. ಕನೆಕ್ಟಿಕಟ್, ರೋಡ್ ಐಲ್ಯಾಂಡ್, ಡೆಲವೇರ್, ವರ್ಮಾಂಟ್, ಹವಾಯಿ, ಅಲಾಸ್ಕಾ, ಈ ಆರು ರಾಜ್ಯಗಳಲ್ಲಿ ಜೈಲು ನಡೆಸುವುದು ರಾಜ್ಯವೇ. ಅಲ್ಲಿ ಕೌಂಟಿ ಶೆರಿಫ್ ಪುಟ ಹುಡುಕಿ ಸಮಯ ಕಳೆಯಬೇಡಿ, ನೇರ ರಾಜ್ಯದ ಕರೆಕ್ಷನ್ಸ್ (ಕಾರಾಗೃಹ) ಇಲಾಖೆಗೆ ಹೋಗಿ. ನ್ಯೂಯಾರ್ಕ್ ನಗರದಲ್ಲೂ ಶೆರಿಫ್ ಅಲ್ಲ, ನಗರದ ಕರೆಕ್ಷನ್ ಇಲಾಖೆಯ ಹುಡುಕಾಟ ಪುಟ.

'ಈಗ ಎಲ್ಲಿದ್ದಾರೆ' ಅಂತ ತಿಳಿಯಲು: ಶೆರಿಫ್ ಕಚೇರಿಯ ಜೈಲು ಪಟ್ಟಿ

ಇದಕ್ಕಿಂತ ಒಳ್ಳೆ ದಾರಿ ಇನ್ನೊಂದಿಲ್ಲ. ಕೌಂಟಿ ಜೈಲಿನಲ್ಲಿ ಇರುವವರು ಹೆಚ್ಚಾಗಿ ವಿಚಾರಣೆಗೆ ಕಾಯುತ್ತಿರುವವರು, ಇಲ್ಲವೇ ಚಿಕ್ಕ ಶಿಕ್ಷೆಯವರು. ಸ್ಯಾನ್ ಡಿಯೇಗೋ, ಲಾಸ್ ಏಂಜಲೀಸ್, ಅಲಮೀಡಾದಂಥ ದೊಡ್ಡ ಕೌಂಟಿಗಳೆಲ್ಲ ಹೆಸರು ಹಾಕಿ ಹುಡುಕುವ ಪುಟ ಇಟ್ಟಿವೆ. ಸರ್ಕಾರಿ ಪುಟಗಳ ವಿಳಾಸ ಸಾಮಾನ್ಯವಾಗಿ ಡಾಟ್ ಗವ್ ಅಂತ ಮುಗಿಯುತ್ತದೆ. ಆದರೆ ಕೆಲವು ಶೆರಿಫ್ ಕಚೇರಿಗಳು ಡಾಟ್ ಆರ್ಗ್, ಡಾಟ್ ಕಾಮ್ ಕೂಡ ಬಳಸುತ್ತವೆ. ಅದಕ್ಕೇ ಗೂಗಲ್‌ನಿಂದ ನೇರ ಹೋಗುವ ಬದಲು, ಮೊದಲು ಕೌಂಟಿ ಸರ್ಕಾರದ ಮುಖಪುಟಕ್ಕೆ ಹೋಗಿ ಅಲ್ಲಿಂದ ಶೆರಿಫ್ ಪುಟಕ್ಕೆ ಇಳಿಯುವುದು ಕ್ಷೇಮ.

ಪುಟದಲ್ಲಿ ಏನೇನು ಇರುತ್ತದೆ? ಬುಕಿಂಗ್ ನಂಬರ್, ಬುಕ್ ಆದ ದಿನ ಮತ್ತು ಸಮಯ, ಅರೆಸ್ಟ್ ಮಾಡಿದ ಇಲಾಖೆ, ಆರೋಪದ ಸೆಕ್ಷನ್, ಬೇಲ್ ಮೊತ್ತ, ಮುಂದಿನ ಕೋರ್ಟ್ ದಿನ, ಯಾವ ಜೈಲು. ಉದಾಹರಣೆಗೆ ಕ್ಯಾಲಿಫೋರ್ನಿಯಾದ ಒಂದು ಸಾಲಿನಲ್ಲಿ '23152(ಎ) ವಿಸಿ, ಎಂ' ಅಂತ ಇದ್ದರೆ, ಅದು ವೆಹಿಕಲ್ ಕೋಡ್ ಪ್ರಕಾರ ಕುಡಿದು ಗಾಡಿ ಓಡಿಸಿದ ಆರೋಪ. 'ಎಂ' ಅಂದರೆ ಮಿಸ್‌ಡಿಮೀನರ್, ಸಣ್ಣ ಅಪರಾಧ. 'ಎಫ್' ಇದ್ದರೆ ಫೆಲನಿ, ಗಂಭೀರ. '273.5 ಪಿಸಿ' (ಪೀನಲ್ ಕೋಡ್) ಅಂತ ಕಂಡರೆ ಗಂಡ ಹೆಂಡತಿ ಅಥವಾ ಜೊತೆಗಾರರ ಮೇಲೆ ಕೈ ಮಾಡಿ ಗಾಯ ಮಾಡಿದ ಆರೋಪ. ಬೇಲ್ ಜಾಗದಲ್ಲಿ 'ನೋ ಬೇಲ್' ಅಂತಲೋ 'ಹೋಲ್ಡ್' ಅಂತಲೋ ಇದ್ದರೆ ಕೂಡಲೇ ವಕೀಲರಿಗೆ ತೋರಿಸಿ. ಬೇರೆ ಕೌಂಟಿಯ ವಾರಂಟ್ ಇರಬಹುದು, ಇಮಿಗ್ರೇಶನ್‌ನವರ ಡಿಟೇನರ್ ('ಬಿಡುವಾಗ ನಮಗೆ ಒಪ್ಪಿಸಿ' ಅನ್ನುವ ಕೋರಿಕೆ) ಕೂಡ ಇರಬಹುದು. ಎರಡನೆಯದಾಗಿದ್ದರೆ ಬೇಲ್ ಕಟ್ಟುವ ಮುಂಚೆ ಇಮಿಗ್ರೇಶನ್ ವಕೀಲರ ಮಾತು ಕೇಳಲೇಬೇಕು. ಕೌಂಟಿಯಿಂದ ಹೊರಬಂದ ಕೂಡಲೇ ಇಮಿಗ್ರೇಶನ್ ಇಲಾಖೆಯ ಕೈಗೆ ಹೋಗಬಹುದು.

ಇಲ್ಲಿ ಕಾಣುವ ಸೆಕ್ಷನ್ ಪೊಲೀಸರು ಹಾಕಿದ್ದು ಅಷ್ಟೇ. ಕೋರ್ಟಿಗೆ ಯಾವ ಆರೋಪ ಹೋಗಬೇಕು ಅಂತ ತೀರ್ಮಾನಿಸುವುದು ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರ್ಕಾರಿ ವಕೀಲರು. ಅವರು ಕಡಿಮೆ ಮಾಡಬಹುದು, ಪೂರ್ತಿ ಬಿಟ್ಟುಬಿಡಲೂಬಹುದು. ಬಿಟ್ಟ ಮೇಲೆ ಜೈಲು ಪಟ್ಟಿಯಲ್ಲಿ ಆ ಹೆಸರು ಸುಮ್ನೆ ಮಾಯವಾಗುತ್ತದೆ. 'ಆರೋಪ ಬಿಟ್ಟುಹೋಯಿತು' ಅಂತ ಆ ಪುಟ ನಿಮಗೆ ಹೇಳುವುದಿಲ್ಲ.

ಸಮಯದ ವಿಷಯದಲ್ಲಿ ತಾಳ್ಮೆ ಬೇಕು. ಬೆರಳಚ್ಚು, ಫೋಟೋ, ವೈದ್ಯಕೀಯ ಪ್ರಶ್ನೆಗಳೆಲ್ಲ ಮುಗಿದು ಹೆಸರು ಪುಟಕ್ಕೆ ಬರುವಷ್ಟರಲ್ಲಿ ಹಲವು ಗಂಟೆ ಹಿಡಿಯುತ್ತದೆ. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಗೂ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ವ್ಯತ್ಯಾಸ. ಇಲ್ಲಿ ಭಾನುವಾರ ಬೆಳಿಗ್ಗೆ ಕೂತು ಹುಡುಕುವಾಗ ಅಲ್ಲಿ ಇನ್ನೂ ಶನಿವಾರ ರಾತ್ರಿ. ಕ್ಯಾಲಿಫೋರ್ನಿಯಾದಲ್ಲಿ 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು ಅನ್ನುವ ಕಾನೂನಿದೆ, ಆದರೆ ಭಾನುವಾರ ಮತ್ತು ರಜೆ ಲೆಕ್ಕಕ್ಕಿಲ್ಲ. ಶುಕ್ರವಾರ ರಾತ್ರಿ ಸಿಕ್ಕಿಬಿದ್ದವರು ಸೋಮವಾರವೋ ಮಂಗಳವಾರವೋ ಕೋರ್ಟ್ ಕಾಣುವುದು ಮಾಮೂಲಿ.

ನಮ್ಮ ಹೆಸರುಗಳ ಗೋಳು

ಪಟ್ಟಿಯಲ್ಲಿ ಹೆಸರಿದ್ದೂ ಸಿಗದೇ ಹೋಗುವುದಕ್ಕೆ ನಮ್ಮವರಲ್ಲಿ ದೊಡ್ಡ ಕಾರಣ ಇದೇ. ಮನೆಯಲ್ಲಿ ಕರೆಯುವ ಹೆಸರು ಬಿಡಿ, ಮಾರ್ಕ್ಸ್ ಕಾರ್ಡಿನ ಹೆಸರೂ ಬೇಡ. ಪಾಸ್‌ಪೋರ್ಟ್ ತೆಗೆಯಿರಿ. ಅದರಲ್ಲಿ ಸರ್‌ನೇಮ್ ಜಾಗ ಖಾಲಿ ಇದೆಯಾ? ಹಾಗಾದರೆ ಅಮೆರಿಕದ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಕಡೆ ಹೋಗಿ, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಬಿದ್ದಿರುತ್ತದೆ. 'ಮೊದಲ ಹೆಸರು ಗೊತ್ತಿಲ್ಲ' ಅನ್ನುವುದರ ಚುಟುಕು ಅದು. ಅಲ್ಲಿಂದ ಡ್ರೈವಿಂಗ್ ಲೈಸೆನ್ಸಿಗೆ, ಲೈಸೆನ್ಸಿಂದ ಬುಕಿಂಗ್ ಫಾರ್ಮಿಗೆ ಅದೇ ಇಳಿಯುತ್ತದೆ. ಆಗ ಲಾಸ್ಟ್ ನೇಮ್ ಪೆಟ್ಟಿಗೆಯಲ್ಲಿ ಇಡೀ ಹೆಸರು ಹಾಕಬೇಕು.

ಇನಿಷಿಯಲ್ ಬಿಡಿಸಿ ತಂದೆ ಹೆಸರನ್ನೋ ಊರ ಹೆಸರನ್ನೋ ಸರ್‌ನೇಮ್ ಮಾಡಿಕೊಂಡವರೂ ಬಹಳ. ಹೊಳೆನರಸೀಪುರ, ತೀರ್ಥಹಳ್ಳಿ ಅಂತೆಲ್ಲ ಉದ್ದ ಇದ್ದರೆ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ ಹುಡುಕಿ. ಎಷ್ಟೋ ಕೌಂಟಿ ಪುಟಗಳು ಅರ್ಧ ಹೆಸರನ್ನೂ ಒಪ್ಪಿಕೊಳ್ಳುತ್ತವೆ. ಬಂದವರ ಪಟ್ಟಿಯಲ್ಲಿ ವಯಸ್ಸು ನೋಡಿ ಗುರುತು ಹಿಡಿಯಬಹುದು. ಹಿಂದೆ ಮುಂದೆ ತಿರುಗಿಸಿಯೂ ನೋಡಿ. ಹುಟ್ಟಿದ ದಿನ ಕೇಳಿದರೆ ಅಲ್ಲಿ ತಿಂಗಳು ಮೊದಲು. ಆಗಸ್ಟ್ 5 ಅಂದರೆ 08/05. ನಾವು ಅಭ್ಯಾಸಬಲದಿಂದ 05/08 ಹಾಕಿ 'ಯಾರೂ ಇಲ್ಲ' ಅಂತ ಉತ್ತರ ಪಡೆದು ಸುಮ್ಮನಾಗುತ್ತೇವೆ, ಅಲ್ವಾ?

ಎಲ್ಲಾ ಆಗಿಯೂ ಸಿಗದಿದ್ದರೆ ಜೈಲಿಗೇ ಫೋನ್ ಮಾಡಿ. ಕೂತು ಹತ್ತು ಸೈಟು ನೋಡುವುದಕ್ಕಿಂತ ಅದೇ ವಾಸಿ.

ವೈನ್ ಅನ್ನುವ ಸುದ್ದಿ ತಿಳಿಸುವ ವ್ಯವಸ್ಥೆ: ಒಮ್ಮೆ ನೋಂದಾಯಿಸಿ ಬಿಟ್ಟರೆ ಸಾಕು

ಕೆಂಟಕಿಯ ಲೂಯಿವಿಲ್‌ನಲ್ಲಿ ಒಬ್ಬಾಕೆಯನ್ನು ಕೊಂದ ಆರೋಪಿ ಅದಕ್ಕೆ ಮೊದಲು ಜೈಲಿನಿಂದ ಹೊರಬಂದಿದ್ದು ಆಕೆಗೆ ಗೊತ್ತೇ ಇರಲಿಲ್ಲ. ಆ ದುರಂತದ ನಂತರ 1994ರಲ್ಲಿ ಶುರುವಾದ ವ್ಯವಸ್ಥೆ ವೈನ್. ಈಗ ಬಹುತೇಕ ರಾಜ್ಯಗಳಲ್ಲಿ ಇದೆ, ಪುಕ್ಕಟೆ. ಕೈದಿ ಬಿಡುಗಡೆಯಾದರೆ, ಬೇರೆ ಜೈಲಿಗೆ ಹೋದರೆ ನಿಮಗೆ ಫೋನ್, ಮೆಸೇಜ್ ಅಥವಾ ಇಮೇಲ್ ಬರುತ್ತದೆ. ಮಾಡಿದ್ದು ಸಂತ್ರಸ್ತರಿಗಾಗಿ, ಆದರೆ ಮನೆಯವರೂ ಬಳಸಬಹುದು. ಶೆರಿಫ್ ಪಟ್ಟಿಗೆ ಹೋಲಿಸಿದರೆ ವಿವರ ಕಡಿಮೆ. ಅನುಕೂಲ ಏನಂದರೆ ಒಂದೇ ಪುಟದಲ್ಲಿ ರಾಜ್ಯದ ಹಲವು ಕೌಂಟಿ ಹುಡುಕಬಹುದು. ಯಾವ ಕೌಂಟಿ ಅಂತಲೇ ಗೊತ್ತಿಲ್ಲದವರು ಇಲ್ಲಿಂದ ಶುರು ಮಾಡಿ.

ಕೌಂಟಿಯಲ್ಲೂ ಇಲ್ಲ, ವೈನ್‌ನಲ್ಲೂ ಇಲ್ಲ ಅಂದರೆ ಇನ್ನೆರಡು ಕಡೆ ನೋಡಿ. ಫೆಡರಲ್ (ಕೇಂದ್ರ ಸರ್ಕಾರದ) ಕಾರಾಗೃಹ ಇಲಾಖೆಯ ಹುಡುಕಾಟದಲ್ಲಿ 1982ರಿಂದ ಈಚಿನ ಕೈದಿಗಳ ಹೆಸರಿದೆ, ಫೋಟೋ ಇಲ್ಲ. ಇಮಿಗ್ರೇಶನ್ ವಶದಲ್ಲಿರುವವರಿಗೆ ಐಸ್ ಇಲಾಖೆಯ ಪುಟ ಬೇರೆಯೇ ಇದೆ. ಅದಕ್ಕೆ ಎ-ನಂಬರ್ (ಇಮಿಗ್ರೇಶನ್‌ನವರು ಕೊಡುವ ಗುರುತಿನ ಸಂಖ್ಯೆ) ಮತ್ತು ಹುಟ್ಟಿದ ದೇಶ ಬೇಕು. ನಂಬರ್ ಇಲ್ಲದಿದ್ದರೆ ಹೆಸರು ಒಂದಕ್ಷರ ತಪ್ಪದೆ ಇರಬೇಕು. ಇಲ್ಲಿ ಅರ್ಧ ಹೆಸರಿನ ಉಪಾಯ ನಡೆಯುವುದಿಲ್ಲ.

'ಕೊನೆಗೆ ಏನಾಯಿತು' ಅಂತ ತಿಳಿಯಲು: ಕೋರ್ಟ್

ಅರೆಸ್ಟ್ ಆಗಿದೆ ಅಂದರೆ ತಪ್ಪು ಮಾಡಿದ್ದಾರೆ ಅಂತಲ್ಲ. ಜೈಲು ಪಟ್ಟಿ ಅರೆಸ್ಟ್‌ನ ಹೊತ್ತನ್ನು ಮಾತ್ರ ತೋರಿಸುತ್ತದೆ. ಕೇಸ್ ವಜಾ ಆಯಿತಾ, ತಪ್ಪೊಪ್ಪಿಗೆ ಆಯಿತಾ, ಡೈವರ್ಷನ್ ಕಾರ್ಯಕ್ರಮಕ್ಕೆ (ಶಿಕ್ಷೆಯ ಬದಲು ತರಬೇತಿ, ಚಿಕಿತ್ಸೆಯಂಥದ್ದು) ಹೋದರಾ, ಇದೆಲ್ಲ ಇರುವುದು ಕೌಂಟಿಯ ಕೋರ್ಟ್ ದಾಖಲೆಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಸುಪೀರಿಯರ್ ಕೋರ್ಟ್, ಟೆಕ್ಸಸ್‌ನಲ್ಲಿ ಕೌಂಟಿ ಅಥವಾ ಡಿಸ್ಟ್ರಿಕ್ಟ್ ಕ್ಲರ್ಕ್. ಹಲವು ಕಡೆ ಹೆಸರು ಹಾಕಿ ಕೇಸಿನ ಸಾರಾಂಶ ನೋಡಬಹುದು. ಕೆಲವು ಕಡೆ ಕ್ರಿಮಿನಲ್ ಕಾಗದಪತ್ರ ಬೇಕಾದರೆ ಕೋರ್ಟ್ ಕೌಂಟರಿಗೇ ಹೋಗಬೇಕು. ಫೆಡರಲ್ ಕೇಸಾದರೆ ಪೇಸರ್ ಅನ್ನುವ ವ್ಯವಸ್ಥೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ದುಡ್ಡೇ ಕೇಳುವುದಿಲ್ಲ. ಈ ದರ ನೋಡಿದ ಮೇಲೆ ತಿಂಗಳ ಚಂದಾ ಕೇಳುವ ಖಾಸಗಿ ಸೈಟುಗಳಿಗೆ ಯಾಕೆ ಕೊಡಬೇಕು ಅನ್ನಿಸುತ್ತದೆ.

ಜೈಲು ಪಟ್ಟಿಗೂ ಕೋರ್ಟ್ ದಾಖಲೆಗೂ ತಾಳೆ ಬೀಳದಿದ್ದರೆ ಕೋರ್ಟನ್ನೇ ನಂಬಿ.

ಫೋಟೋ ಬೇಕೇ ಬೇಕು ಅನ್ನುವವರಿಗೆ

ಫೋಟೋ ಸಿಗುವುದೂ ಬಿಡುವುದೂ ರಾಜ್ಯದ ಮೇಲೆ ನಿಂತಿದೆ. ಫ್ಲೋರಿಡಾದಲ್ಲಿ ಸಾರ್ವಜನಿಕ ದಾಖಲೆಯ ಕಾನೂನು ತುಂಬಾ ಉದಾರ. ಅಲ್ಲಿನ ಹಲವು ಶೆರಿಫ್ ಪುಟಗಳಲ್ಲಿ ಹೆಸರಿನ ಪಕ್ಕದಲ್ಲೇ ಮುಖವೂ ಇರುತ್ತದೆ. ಸುದ್ದಿಗಳಲ್ಲಿ ಬರುವ ವಿಚಿತ್ರ ಅರೆಸ್ಟ್ ಫೋಟೋಗಳಲ್ಲಿ ಫ್ಲೋರಿಡಾದವೇ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ.

ನ್ಯೂಯಾರ್ಕ್ 2019ರಲ್ಲಿ ಕಾನೂನು ತಿದ್ದಿ, ಬುಕಿಂಗ್ ಫೋಟೋ ಕೊಡುವುದು ಖಾಸಗಿತನಕ್ಕೆ ಧಕ್ಕೆ ಅಂತ ಸೇರಿಸಿತು. ತನಿಖೆಗೆ ಅಗತ್ಯವಿದ್ದರೆ ಮಾತ್ರ ಹೊರಗೆ ಬಿಡುತ್ತಾರೆ. ಯೂಟಾ 2021ರಲ್ಲಿ ಶಿಕ್ಷೆ ಆಗುವವರೆಗೆ ಫೋಟೋ ಹಂಚುವಂತಿಲ್ಲ ಅಂದಿತು. ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸರು 2020ರ ಜುಲೈನಲ್ಲೇ, ಜನರಿಗೆ ಅಪಾಯವಿದ್ದರೆ ಹೊರತು ಕೊಡುವುದಿಲ್ಲ ಅಂತ ನಿರ್ಧರಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ, ಹಿಂಸೆ ಇಲ್ಲದ ಆರೋಪಗಳಿಗೆ ಪೊಲೀಸರು ಸೋಶಿಯಲ್ ಮೀಡಿಯಾದಲ್ಲಿ ಫೋಟೋ ಹಾಕುವಂತಿಲ್ಲ. ಆದರೆ ಅದೇ ರಾಜ್ಯದಲ್ಲಿ ಅರೆಸ್ಟ್ ಆದವರ ಹೆಸರು, ವೃತ್ತಿ, ಹುಟ್ಟಿದ ದಿನ, ಅರೆಸ್ಟ್ ಆದ ಸಮಯ, ಬೇಲ್ ಮೊತ್ತವನ್ನು ಕೇಳಿದವರಿಗೆ ಕೊಡಬೇಕು ಅಂತ ಕಾನೂನಿದೆ. ಮುಖ ಬೇಡ, ಮಾಹಿತಿ ಇರಲಿ ಅನ್ನುವ ಈ ಧೋರಣೆ ನನಗೆ ಸರಿ ಅನ್ನಿಸುತ್ತದೆ.

ಜಾರ್ಜಿಯಾದ್ದು ಇನ್ನೊಂದು ತರ. ಫುಲ್ಟನ್ ಕೌಂಟಿ ಜೈಲಿನಲ್ಲಿ 2023ರ ಆಗಸ್ಟ್ 24ರಂದು ತೆಗೆದ ಡೊನಾಲ್ಡ್ ಟ್ರಂಪ್ ಫೋಟೋ ಅದೇ ದಿನ ಜಗತ್ತೆಲ್ಲ ಹರಡಿತು. ಅದನ್ನು ನೋಡಿ 'ಜಾರ್ಜಿಯಾದಲ್ಲಿ ಎಲ್ಲರದ್ದೂ ಹೀಗೇ ಸಿಗುತ್ತದೆ' ಅಂದುಕೊಂಡವರಿದ್ದಾರೆ. ಇಲ್ಲ. ಆ ರಾಜ್ಯದಲ್ಲಿ 2014ರಿಂದ ಪೊಲೀಸ್ ಇಲಾಖೆಗಳು ಬುಕಿಂಗ್ ಫೋಟೋಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಸಾಲಾಗಿ ಹಾಕುವುದಕ್ಕೆ ತಡೆ ಇದೆ. ಬೇಕಾದವರು ಅರ್ಜಿ ಕೊಡಬೇಕು, ಫೋಟೋ ಅಳಿಸಲು ದುಡ್ಡು ಕೇಳುವ ಸೈಟಿಗೆ ಇದನ್ನು ಬಳಸುವುದಿಲ್ಲ ಅಂತ ಬರೆದುಕೊಡಬೇಕು.

ಫೆಡರಲ್ ಅರೆಸ್ಟ್ ಆದರೆ ಫೋಟೋದ ಆಸೆ ಬಿಡಿ. ಫೆಡರಲ್ ಬಂಧಿತರನ್ನು ನೋಡಿಕೊಳ್ಳುವ ಮಾರ್ಷಲ್ಸ್ ಇಲಾಖೆ ಸಾಮಾನ್ಯವಾಗಿ ಕೊಡುವುದಿಲ್ಲ. ಮಿಷಿಗನ್ ಕಡೆಯ ಆರನೇ ಸರ್ಕ್ಯೂಟ್ ಕೋರ್ಟ್ (ಫೆಡರಲ್ ಮೇಲ್ಮನವಿ ಕೋರ್ಟ್) ಒಂದು ಕಾಲದಲ್ಲಿ ಕೊಡಲೇಬೇಕು ಅಂದಿತ್ತು, 2016ರಲ್ಲಿ ತನ್ನ ತೀರ್ಪನ್ನು ತಾನೇ ಬದಲಿಸಿತು. 2024ರಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟ್ ಅರಿಜೋನಾದ ಮ್ಯಾರಿಕೋಪಾ ಕೌಂಟಿಯ ಕೇಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಚಾರಣೆಯೇ ಆಗದವರ ಫೋಟೋ, ಆರೋಪಗಳನ್ನು ಶೆರಿಫ್ ಆನ್‌ಲೈನ್ ಹಾಕುವುದು ಶಿಕ್ಷೆಗೆ ಸಮ ಅಂತ ಹೂಡಿದ್ದ ಮೊಕದ್ದಮೆ ಮುಂದುವರಿಯಲು ಬಿಟ್ಟಿತು. ಅಂದರೆ ಈಗ ಕಾಣುವ ಪುಟಗಳಲ್ಲಿ ಇನ್ನಷ್ಟು ಮುಚ್ಚಿಹೋಗಬಹುದು.

ನಮ್ಮ ಕಡೆಯೂ ಅರೆಸ್ಟ್ ಪೂರ್ತಿ ಗುಟ್ಟಿನ ವಿಷಯ ಅಲ್ಲ. ಸಿಆರ್‌ಪಿಸಿ ಬದಲು ಬಂದಿರುವ ಬಿಎನ್‌ಎಸ್‌ಎಸ್ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಬಂಧಿತರ ಹೆಸರು, ವಿಳಾಸ, ಆರೋಪವನ್ನು ಪ್ರತಿ ಠಾಣೆಯಲ್ಲಿ, ಜಿಲ್ಲಾ ಕೇಂದ್ರದಲ್ಲಿ ಪ್ರದರ್ಶಿಸಬೇಕು. ಅಮೆರಿಕದಲ್ಲಿ ಹಲವು ಕಡೆ ಹುಡುಕಲು ಪುಟ ಇಟ್ಟು ಮುಖವನ್ನೂ ತೋರಿಸುತ್ತಾರೆ.

ಪುಟದಲ್ಲಿ ಫೋಟೋ ಇಲ್ಲದಿದ್ದರೆ ಉಳಿದ ದಾರಿ ಸಾರ್ವಜನಿಕ ದಾಖಲೆಯ ಅರ್ಜಿ. ನಮ್ಮ ಆರ್‌ಟಿಐ ಇದ್ದ ಹಾಗೆ ಪ್ರತಿ ರಾಜ್ಯಕ್ಕೂ ಒಂದು ಕಾನೂನಿದೆ. ಶೆರಿಫ್ ಕಚೇರಿಯ ರೆಕಾರ್ಡ್ಸ್ ವಿಭಾಗಕ್ಕೆ ಹೆಸರು, ಬುಕಿಂಗ್ ನಂಬರ್, ದಿನಾಂಕ ಬರೆದು ಕೇಳಬೇಕು. ನಿಧಾನ. ತನಿಖೆ ನಡೆಯುತ್ತಿದೆ ಅಂತ ನಿರಾಕರಿಸಲೂಬಹುದು. ವಕೀಲರಿಗೆ, ಪತ್ರಕರ್ತರಿಗೆ ಸರಿ. ಮಗ ಎಲ್ಲಿದ್ದಾನೆ ಅಂತ ಹುಡುಕುವವರಿಗೆ ಇದು ದಾರಿಯೇ ಅಲ್ಲ.

ಖಾಸಗಿ ಸೈಟುಗಳು: ಯಾಕೆ ಬೇಡ

ಈ ಸೈಟುಗಳು ಶೆರಿಫ್ ಪುಟದಿಂದ ಒಮ್ಮೆ ನಕಲು ಹೊಡೆದು ಇಟ್ಟುಕೊಳ್ಳುತ್ತವೆ. ಕೇಸ್ ವಜಾ ಆದರೂ ಅಲ್ಲಿನ ಪುಟ ಹಾಗೇ ಇರುತ್ತದೆ. ಒಂದೇ ಹೆಸರಿನ ಇಬ್ಬರನ್ನು ಬೆರೆಸಿಬಿಡುವುದೂ ಉಂಟು. ನಮ್ಮಲ್ಲಿ ಕುಮಾರ್, ರಾವ್, ಗೌಡ ಎಷ್ಟು ಜನ ಇದ್ದಾರೆ ಯೋಚಿಸಿ. ಕೆಲವು ಸೈಟುಗಳ ದಂಧೆಯೇ ಬೇರೆ, ಫೋಟೋ ಹಾಕುವುದು ಪುಕ್ಕಟೆ, ತೆಗೆಯುವುದಕ್ಕೆ ನೂರಾರು ಡಾಲರ್. 2013ರಲ್ಲಿ ಗೂಗಲ್ ತನ್ನ ಲೆಕ್ಕಾಚಾರ ಬದಲಿಸಿ ಇವನ್ನು ಕೆಳಗೆ ತಳ್ಳಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್, ಮಗ್‌ಶಾಟ್ಸ್ ಡಾಟ್ ಕಾಮ್ ನಡೆಸುತ್ತಿದ್ದರು ಅನ್ನಲಾದ ನಾಲ್ವರ ಮೇಲೆ ಸುಲಿಗೆ, ಹಣ ಅಕ್ರಮ ವರ್ಗಾವಣೆಯ ಕೇಸ್ ಹಾಕಿದರು. ಫೋಟೋ ತೆಗೆಯಲು ಹಣ ಕೇಳುವುದನ್ನು ಕ್ಯಾಲಿಫೋರ್ನಿಯಾ 2015ರಿಂದ, ಫ್ಲೋರಿಡಾ 2018ರಿಂದ ನಿಷೇಧಿಸಿವೆ. ನಿಮ್ಮದೇ ಫೋಟೋ ಎಲ್ಲೋ ಉಳಿದಿದ್ದರೆ ಮೊದಲು ದುಡ್ಡು ಕೊಡಬೇಡಿ. ಆ ರಾಜ್ಯದ ಕಾನೂನು ನೋಡಿ, ಲಿಖಿತವಾಗಿ ತೆಗೆಯಲು ಕೇಳಿ.

ಬಾಡಿಗೆಗೆ, ಕೆಲಸಕ್ಕೆ ಹಿನ್ನೆಲೆ ನೋಡುವವರಿಗೆ ಒಂದು ಎಚ್ಚರಿಕೆ. ಇದಕ್ಕೆ ಬೇರೆ ಕಂಪನಿಯಿಂದ ವರದಿ ತರಿಸಿದರೆ, ಅದು ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಗೆ ಒಳಪಟ್ಟ ಕಂಪನಿಯದ್ದೇ ಆಗಿರಬೇಕು. ಕೆಲಸಕ್ಕಾದರೆ ಅಭ್ಯರ್ಥಿಯ ಲಿಖಿತ ಒಪ್ಪಿಗೆಯೂ ಬೇಕು. 'ಯಾರನ್ನಾದರೂ ಹುಡುಕಿ' ಅನ್ನುವ ಸೈಟುಗಳು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಕೆಲಸ, ಬಾಡಿಗೆ ನಿರ್ಧಾರಕ್ಕೆ ಬಳಸಬೇಡಿ' ಅಂತ ತಾವೇ ಬರೆದುಕೊಂಡಿರುತ್ತವೆ. ಅದನ್ನು ಓದದೆ ಚಂದಾ ಕಟ್ಟುವವರೇ ಹೆಚ್ಚು.

ಪತ್ರಿಕೆಗಳ ಗ್ಯಾಲರಿಗಳೂ ಈಗ ಕಡಿಮೆ. ಹ್ಯೂಸ್ಟನ್ ಕ್ರಾನಿಕಲ್, ಟ್ಯಾಂಪಾ ಬೇ ಟೈಮ್ಸ್ ಎರಡೂ 2020ರಲ್ಲಿ ನಿಲ್ಲಿಸಿದವು.

ಊರಿಂದ ಹುಡುಕುವ ಮನೆಯವರಿಗೆ

ಪಟ್ಟಿ ಸಾರ್ವಜನಿಕ ಅಂದರೆ ಮೋಸಗಾರರಿಗೂ ಸಾರ್ವಜನಿಕ. ಅಲ್ಲಿನ ಹೆಸರು, ಬೇಲ್ ಮೊತ್ತ ನೋಡಿಕೊಂಡು 'ನಾನು ಡೆಪ್ಯುಟಿ, ಈಗಲೇ ಹಣ ಕಳಿಸಿ' ಅಂತ ಮನೆಗೆ ಫೋನ್ ಬರುತ್ತದೆ. ಗಿಫ್ಟ್ ಕಾರ್ಡ್‌ನಲ್ಲಿ, ಬಿಟ್‌ಕಾಯಿನ್‌ನಲ್ಲಿ ಬೇಲ್ ಕಟ್ಟುವ ಪದ್ಧತಿ ಇಲ್ಲ. ಫೋನ್ ಇಟ್ಟು, ಶೆರಿಫ್ ಪುಟದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ.

ಭಾರತೀಯರು ಅರೆಸ್ಟ್ ಆದರೆ ದೂತಾವಾಸಕ್ಕೆ ತಾನಾಗೇ ಸುದ್ದಿ ಹೋಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಕೆಲವು ದೇಶಗಳ ಪ್ರಜೆಗಳ ವಿಷಯದಲ್ಲಿ ತಿಳಿಸಲೇಬೇಕು ಅಂತ ಒಪ್ಪಂದವಿದೆ, ಭಾರತ ಆ ಪಟ್ಟಿಯಲ್ಲಿಲ್ಲ. ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ 'ತಿಳಿಸಲಾ?' ಅಂತ ಪೊಲೀಸರು ಕೇಳಬೇಕು. ಅರೆಸ್ಟ್ ಆದವರು ಹೂಂ ಅಂದರೆ ಮಾತ್ರ ತಿಳಿಸುತ್ತಾರೆ. ಮಾನ ಹೋಗುತ್ತದೆ ಅಂತ ಹುಡುಗರು ಬೇಡ ಅಂದುಬಿಡುವ ಸಾಧ್ಯತೆ ಇದೆ. ಮನೆಯವರೇ ಬುಕಿಂಗ್ ನಂಬರ್ ಸಮೇತ ಹ್ಯೂಸ್ಟನ್, ಸ್ಯಾನ್ ಫ್ರಾನ್ಸಿಸ್ಕೋ, ಶಿಕಾಗೋ, ಹೀಗೆ ಹತ್ತಿರದ ಕಾನ್ಸುಲೇಟ್‌ಗೆ ಬರೆಯಬಹುದು. ಜೈಲಿನಿಂದ ಬರುವ ಕರೆಗಳು ರೆಕಾರ್ಡ್ ಆಗುತ್ತವೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೂ ಅರ್ಥವಾಗಲ್ಲ ಅಂತ ಕೇಸಿನ ಕಥೆ ಬಿಚ್ಚಬೇಡಿ.

ತಮ್ಮದೇ ದಾಖಲೆ ಬೇಕಾದವರಿಗೆ

ಇವರು ಜೈಲು ಪಟ್ಟಿಯನ್ನೂ ಫೋಟೋ ಸೈಟನ್ನೂ ಮರೆತುಬಿಡಿ. ಎರಡು ಕಾಗದ ಮುಖ್ಯ. ಒಂದು, ಎಫ್‌ಬಿಐನಿಂದ ಬೆರಳಚ್ಚು ಕೊಟ್ಟು ಪಡೆಯುವ ಸ್ವಂತ ದಾಖಲೆಯ ಸಾರಾಂಶ, ಶುಲ್ಕ 18 ಡಾಲರ್. ನಿಮ್ಮ ಹೆಸರಿನಲ್ಲಿ ಸರ್ಕಾರದ ಕಂಪ್ಯೂಟರಿನಲ್ಲಿ ಏನಿದೆ ಅಂತ ಇದರಿಂದ ತಿಳಿಯುತ್ತದೆ. ಕೆಲವೊಮ್ಮೆ ಅದರಲ್ಲಿ ಅರೆಸ್ಟ್ ಇರುತ್ತದೆ, ಕೇಸಿನ ಫಲಿತಾಂಶ ಇರುವುದಿಲ್ಲ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಡೇಟಾಬೇಸ್) ದಾಖಲೆ ರದ್ದಾದಾಗ, ಆ ಪಟ್ಟಿ ಸಿದ್ಧವಾದದ್ದು ಪೊಲೀಸ್ ಡೇಟಾಬೇಸಿನಲ್ಲಿ ಹೆಸರು ಹೊಂದಿಸಿ. ಕೇಸ್ ವಜಾ ಆಗಿದ್ದವರೂ ಅದರಲ್ಲಿ ಸಿಕ್ಕಿಕೊಂಡರು. ಏಪ್ರಿಲ್ ಕೊನೆಯಲ್ಲಿ ದಾಖಲೆಗಳನ್ನು ಮತ್ತೆ ಸರಿಮಾಡಬೇಕಾಯಿತು.

ಎರಡನೆಯದು ಅದಕ್ಕೇ ಬೇಕು, ಕೇಸಿನ ಫಲಿತಾಂಶ ಹೇಳುವ, ಕೋರ್ಟ್ ಕ್ಲರ್ಕ್ ಮುದ್ರೆ ಹಾಕಿ ಕೊಡುವ 'ಸರ್ಟಿಫೈಡ್ ಡಿಸ್ಪೊಸಿಷನ್'. ಇದೇ ಹೆಸರು ಹೇಳಿ ಕೇಳಿ, ಸುಮ್ನೆ 'ಕೇಸಿನ ಕಾಪಿ' ಅಂದರೆ ಬೇರೇನೋ ಕೈಗಿಡುತ್ತಾರೆ. ಪೌರತ್ವದ ಅರ್ಜಿಯಲ್ಲಿ ಅಳಿಸಿಹಾಕಿಸಿದ ಕೇಸನ್ನೂ ಹೇಳಬೇಕಾಗುತ್ತದೆ. ಹಾಗಾಗಿ ದಾಖಲೆ ಸೀಲ್ ಮಾಡಿಸುವ (ಬೇರೆಯವರಿಗೆ ಕಾಣದಂತೆ ಮುಚ್ಚಿಸುವ) ಮುಂಚೆಯೇ ಮುದ್ರೆ ಇರುವ ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳಿ. ಸೀಲ್ ಆದಮೇಲೆ ಅದೇ ಕಾಗದ ತೆಗೆಸುವುದು ದೊಡ್ಡ ತಲೆನೋವು.